ಗುವಾನ್ ಮುದುಕನ ಉಪವಾಸದ ಮೀನುಗಳು

ಗುವಾನ್ ಯಿನ್‌ಪು ಎಂಬ ಮುದುಕನನ್ನು ನಾನು ಹದಿನಾಲ್ಕು ವರ್ಷ ಮನಸಾರೆ ದ್ವೇಷಿಸಿದ್ದೇನೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಹಾಗನ್ನುವವರು ಅವನ ತಲೆಯ ಮೇಲಿನ ಮನೆಯಲ್ಲಿ ಚಳಿಗಾಲ ಕಳೆದವರಲ್ಲ.

ಬೀಜಿಂಗಿನ ನಮ್ಮ ಹಳೆಯ ಓಣಿಯನ್ನು ಕೆಡವಿ, ಎಲ್ಲರನ್ನೂ ಈ ಆರಂತಸ್ತಿನ ಕಟ್ಟಡಕ್ಕೆ ತುಂಬಿದಾಗ ಅವನಿಗೆ ನೆಲಮಹಡಿ ಸಿಕ್ಕಿತು, ನನಗೆ ಅದರ ಮೇಲಿನದು. ಅವನು ಸಾಬೂನು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಒಂಟಿ ಮನುಷ್ಯ. ನಾನು ಬಸ್ಸಿನಲ್ಲಿ ಟಿಕೆಟ್ ಹರಿದವಳು, ವಿಧವೆ, ಬಾಯಿ ಸ್ವಲ್ಪ ಜೋರು. ಬಂದ ತಿಂಗಳಲ್ಲೇ ಅವನು ನಾವೆಲ್ಲ ಸೈಕಲ್ ನಿಲ್ಲಿಸುವ ಜಾಗದಲ್ಲಿ, ಯಾರನ್ನೂ ಕೇಳದೆ, ಸಿಮೆಂಟಿನ ಕೊಳ ಕಟ್ಟಿದ. ಅಂದಿನಿಂದ ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ ಸಂಬಂಧ.

ಕೊಳದಲ್ಲಿ ಆರು ಚಿನ್ನದ ಮೀನುಗಳಿದ್ದವು. ಮೈಯೆಲ್ಲ ಬಿಳಿ, ನೆತ್ತಿಯ ಮೇಲೆ ಮಾತ್ರ ಕೆಂಪು ಗಡ್ಡೆ. ಅವನಪ್ಪನ ಕಾಲದಿಂದ ಇಳಿದುಬಂದ ತಳಿಯಂತೆ. ಊರಲ್ಲಿ ಬೇರೆಲ್ಲೂ ಉಳಿದಿಲ್ಲವಂತೆ. ಆರರಲ್ಲಿ ಹೆಣ್ಣು ಒಂದೇ. ಕೊಳದ ಮೇಲೆ ಮೊದಲ ಮಂಜುಗಡ್ಡೆ ಕಟ್ಟಿದ ಬೆಳಿಗ್ಗೆ ಅವುಗಳನ್ನು ಒಂದೊಂದಾಗಿ ಬೊಗಸೆಯಲ್ಲಿ ಎತ್ತಿ, ತನ್ನ ಮನೆಯ ಉತ್ತರದ ಕೋಣೆಯ ಮೂರು ಮಣ್ಣಿನ ಬಾನಿಗಳಿಗೆ ಬಿಟ್ಟ. ನೀರೂ ಕೊಳದ್ದೇ, ಪಾಚಿ ಬಣ್ಣದ್ದು. ಶುದ್ಧ ನೀರು ಹಾಕಿದರೆ ಸಾಯುತ್ತವಂತೆ.

ನವೆಂಬರ್ ಹದಿನೈದಕ್ಕೆ ಮನೆಗಳನ್ನು ಬೆಚ್ಚಗಿಡುವ ಸರ್ಕಾರದ ಬಿಸಿನೀರು ಗೋಡೆಗಂಟಿದ ಕಬ್ಬಿಣದ ಕೊಳವೆಗಳಿಗೆ ಬರುತ್ತದೆ. ಆ ದಿನಕ್ಕಾಗಿ ನಾವು ಮದುವೆಗೆ ಕಾದ ಹಾಗೆ ಕಾಯುತ್ತೇವೆ. ಆ ಮೊದಲ ವರ್ಷ ಹದಿನೈದು ಬಂತು, ಹದಿನೆಂಟೂ ಬಂತು; ನಮ್ಮ ಸಾಲಿನ ಐದು ಮನೆಗಳ ಕಬ್ಬಿಣ ಹೆಣದಷ್ಟು ತಣ್ಣಗಿತ್ತು. ಕೊಳವೆ ನೆಲಮಹಡಿಯಿಂದ ಹತ್ತಿ ಮೇಲೆ ಹೋಗುತ್ತದೆ. ಕೆಳಗಿನವನು ತಿರುಪು ಮುಚ್ಚಿದರೆ ಮೇಲಿನವರೆಲ್ಲ ಸತ್ತಂತೆ. ಇಳಿದು ಹೋಗಿ ಬಾಗಿಲು ಬಡಿದೆ.

"ತಿರುಪು ಮುಚ್ಚಿದ್ಯೇನೋ ಸಾಬೂನು ಮುದುಕಾ?"

"ಮುಚ್ಚಿದೀನಿ," ಅಂದ, ಕಡ್ಡಿ ಮುರಿದ ಹಾಗೆ. "ಕೋಣೆ ಬೆಚ್ಚಗಾದ್ರೆ ನನ್ನ ಮೀನು ಎದ್ದುಬಿಡ್ತವೆ. ನಾಲ್ಕು ತಿಂಗ್ಳು ಉಪವಾಸ ಮಲಗ್ಬೇಕು ಅವು. ಚಳಿ ಕಾಣದ ಹೆಣ್ಣು ವಸಂತದಲ್ಲಿ ಮೊಟ್ಟೆ ಇಡಲ್ಲ."

"ನಿನ್ನ ಮೀನು ಮಲಗ್ಲಿ ಅಂತ ಐದು ಮನೆಯವ್ರು ನಡುಗ್ತಾ ಕೂರ್ಬೇಕಾ?"

"ನಿಂಗೆ ಕೋಟಿದೆಯಲ್ಲ, ಟಿಕೆಟ್ಟಮ್ಮಾ. ಹಾಕ್ಕೋ."

"ಕೋಟೂ ಇದೆ, ಬಾಣಲೆಯೂ ಇದೆ, ಶುಂಠಿಯೂ ಇದೆ. ನೋಡ್ಕೋ ಮತ್ತೆ!"

ಸಂಜೆ ಕೊಳವೆ ರಿಪೇರಿಯವನನ್ನು ಕರೆತಂದು, ತಿರುಪನ್ನು ತೆರೆಸಿ ತಂತಿ ಸುತ್ತಿಸಿ ಮುದ್ರೆ ಹಾಕಿಸಿದೆ.  ಮುದುಕ ತನ್ನ ಹೊದಿಕೆಗಳನ್ನೆಲ್ಲ ಬಿಸಿ ಕಬ್ಬಿಣಕ್ಕೆ ಸುತ್ತಿದ, ಕೋಣೆಯ ಕಿಟಕಿ ತೆರೆದಿಟ್ಟ, ತಾನು ಕೋಟು ಹೊದ್ದು ಮಲಗಿದ. ನಮಗೆ ಬಿಸಿ ಬಂತು. ಗೆದ್ದೆ ಎಂಬ ಸಂತೋಷಕ್ಕೆ ಆ ದಿನ ಎರಡು ಬಟ್ಟಲು ಹೆಚ್ಚಾಗಿ ಉಂಡೆ.

ನಮ್ಮ ಚಾಂದ್ರಮಾನದ ಹನ್ನೆರಡನೆಯ ತಿಂಗಳ ಮೊದಲಲ್ಲಿ ಅವನು ಮೆಟ್ಟಿಲ ಬಳಿ ಮಂಜಿನ ಮೇಲೆ ಜಾರಿ ಸೊಂಟ ಮುರಿದುಕೊಂಡ. ಜನ ಸೇರಿದರು. ಆಸ್ಪತ್ರೆಯ ಗಾಡಿಗೆ ಎತ್ತುವಾಗ ನಾಲ್ಕನೆಯ ಮಹಡಿಯ ಲುವಾನ್ ಕಣ್ಣೀರು ಒರೆಸುತ್ತ, "ಮೀನುಗಳನ್ನ ನಾನು ನೋಡ್ಕೋತೀನಿ ಗುವಾನ್ ತಾತ," ಅಂದಳು. ಮುದುಕ ಅವಳ ಕೈ ತಳ್ಳಿ, ಬೀಗದ ಕೈಯನ್ನು ನನ್ನತ್ತ ಚಾಚಿದ.

"ಇವಳಿಗೆ ಕೊಡ್ತೀನಿ. ನಿಮ್ಗೆಲ್ಲ ಅಯ್ಯೋ ಪಾಪ ಅನ್ಸತ್ತೆ, ಏನಾದ್ರೂ ತಿನ್ನಿಸ್ತೀರಿ. ಇವಳು ನನ್ನ ಮೀನು ಕಂಡ್ರೆ ಉರಿದು ಬೀಳ್ತಾಳೆ, ಏನೂ ಹಾಕಲ್ಲ." ಆಮೇಲೆ ನನಗೆ, "ದಿನಾ ಬೆರಳು ಅದ್ದಿ ನೋಡು. ಜುಮ್ ಅನ್ಬೇಕು, ನೋಯ್ಬಾರ್ದು. ನೋಯ್ತು ಅಂದ್ರೆ ಕಿಟಕಿ ಅರ್ಧ ಮುಚ್ಚು. ಬೇರೇನೂ ಮಾಡ್ಬೇಡ."

ಜನರೆದುರು ಹೀಗೆ ಮರ್ಯಾದೆ ತೆಗೆದನಲ್ಲ ಎಂದು ಮೈ ಉರಿಯಿತು. ಆದರೂ ಬೀಗದ ಕೈ ಇಸಿದುಕೊಂಡೆ. ಅವನ ಮನೆ ಒಳಗಿನಿಂದ ನೋಡುವ ಆಸೆಯಿತ್ತು, ಸುಳ್ಳೇಕೆ.

ದಿನವೂ ಹೋದೆ, ಬೆರಳು ಅದ್ದಿದೆ, ಬೈದು ಬಂದೆ. ಮೀನುಗಳು ಬಾನಿಯ ತಳದಲ್ಲಿ ಕಲ್ಲಿನಂತೆ ಬಿದ್ದಿರುತ್ತಿದ್ದವು. ಕಿವಿರು ಎಷ್ಟೋ ಹೊತ್ತಿಗೊಮ್ಮೆ ಅಲುಗುತ್ತಿತ್ತು. ಹೀಗೆ ಇಪ್ಪತ್ತು ದಿನ ಕಳೆಯಿತು.

ಒಲೆಯ ದೇವರನ್ನು ಬೀಳ್ಕೊಡುವ ಹಬ್ಬದ ದಿನ ಬಂತು. ಕಟ್ಟಡವಿಡೀ ಎಳ್ಳಿನ ಮಿಠಾಯಿಯ ವಾಸನೆ. ನನ್ನ ಮನೆಗೆ ಬರುವವರು ಯಾರೂ ಇರಲಿಲ್ಲ. ಆವಿಯಲ್ಲಿ ಬೆಂದ ಬಿಸಿ ರೊಟ್ಟಿಯ ಮುದ್ದೆಯೊಂದನ್ನು ಕಚ್ಚುತ್ತಲೇ ಕೆಳಗಿಳಿದೆ. ಬೆರಳು ಅದ್ದಿದರೆ ಮೂಳೆಯವರೆಗೆ ನೋಯಿತು. ಕಿಟಕಿಯನ್ನು ಅರ್ಧವಲ್ಲ, ಪೂರ್ತಿ ಮುಚ್ಚಿದೆ. ಕಬ್ಬಿಣದ ಮೇಲಿನ ಹೊದಿಕೆಯನ್ನೂ ಸರಿಸಿ, ಉಳಿದ ರೊಟ್ಟಿ ಹಿಡಿದು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಗಂಟೆಗಳು ಕಳೆದ ಮೇಲೆ ದೊಡ್ಡದು, ಆ ಹೆಣ್ಣು, ಮೆಲ್ಲಗೆ ಮೇಲೆದ್ದು ಬಂತು. ಕೆಂಪು ನೆತ್ತಿ ನೀರಿಗೆ ತಾಗಿಸಿ ನನ್ನ ಕಡೆ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು.

"ಊಟ ಆಯ್ತಾ?" ಅಂದೆ. ಬಾಯಿತಪ್ಪಿ ಬಂತು, ನಮ್ಮಲ್ಲಿ ಯಾರನ್ನು ಕಂಡರೂ ಮೊದಲು ಕೇಳುವುದು ಅದನ್ನೇ.

ನಾನು ಹನ್ನೊಂದು ವರ್ಷದವಳಿದ್ದಾಗ ದೇಶಕ್ಕೇ ಬರಗಾಲ. ಮರದ ತೊಗಟೆ ಬೇಯಿಸಿ ಕುಡಿದಿದ್ದೇವೆ. ನನ್ನ ತಂಗಿ ಕೊನೆಯ ದಿನಗಳಲ್ಲಿ ಮಾತು ಬಿಟ್ಟಿದ್ದಳು. ಬಾಯಿ ಮಾತ್ರ ಹೀಗೆಯೇ ತೆರೆದು ಮುಚ್ಚುತ್ತಿತ್ತು. ಆಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಈಗ ರೊಟ್ಟಿ ಇತ್ತು.

ಮುರಿದು ಹಾಕಿದೆ. ತಿಂದಿತು. ಇನ್ನೊಂದು ಎದ್ದು ಬಂತು, ಅದಕ್ಕೂ ಹಾಕಿದೆ. ಅವು ತಿನ್ನುವುದನ್ನು ನೋಡುತ್ತ ನನ್ನ ಹೊಟ್ಟೆ ತುಂಬಿತು.

ಮನೆಗೆ ಹತ್ತಿದ ಮೇಲೆ ಮುದುಕನ ಮಾತು ನೆನಪಾಗಿ ಹೆದರಿಕೆ ಶುರುವಾಯಿತು. ಇಳಿದು ಬಂದು ಕಿಟಕಿಯನ್ನು ಮತ್ತೆ ಪೂರ್ತಿ ತೆರೆದೆ, ಹೊದಿಕೆ ಸುತ್ತಿದೆ. ಅದೇ ತಪ್ಪಾಯಿತಂತೆ. ಚಳಿ ಮರಳಿದಾಗ ಹೊಟ್ಟೆಯೊಳಗಿನ ರೊಟ್ಟಿ ಕರಗದೆ ಅಲ್ಲೇ ಕೊಳೆಯಿತಂತೆ. ನಾಲ್ಕನೆಯ ದಿನ ಎರಡು ಮೀನು ಪಕ್ಕಕ್ಕೆ ಹೊರಳಿ ತೇಲುತ್ತಿದ್ದವು. ಒಂದು ಆ ಹೆಣ್ಣು.

ಆಸ್ಪತ್ರೆಯಿಂದ ಬಂದ ಮುದುಕ ಊರುಗೋಲು ಹಿಡಿದು ಮೂರು ಬಾನಿಗಳಿಗೂ ಬಗ್ಗಿ ನೋಡಿದ. ಸುಳ್ಳು ಹೇಳೋಣ ಅಂದುಕೊಂಡಿದ್ದೆ, ನಾಲಗೆ ಹೊರಳಲಿಲ್ಲ.

"ಏನು ಹಾಕ್ದೆ?"

"ರೊಟ್ಟಿ. ಹಬ್ಬ ಇತ್ತು. ಹಸಿದಿತ್ತು ಅದು."

ಅವನು ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಎಸೆದು ಹಗುರಾಗುತ್ತಿದ್ದೆ.

"ಕಟ್ಟಡದಲ್ಲಿ ಕಲ್ಲುಮನಸ್ಸಿನವಳು ಅಂತ ನಿನ್ನೊಬ್ಬಳನ್ನೇ ನಂಬಿದ್ದೆ," ಅಂದ. "ನೀನೂ ಅವರ ಹಾಗೇನೇ." ಬೀಗದ ಕೈ ಕಿತ್ತುಕೊಂಡು ಬಾಗಿಲು ಹಾಕಿದ. ಅದೇ ಅವನು ನನ್ನ ಜೊತೆ ಆಡಿದ ಕೊನೆಯ ಮಾತು. ಅಲ್ಲಿಂದ ಅವನನ್ನು ಮೊದಲಿಗಿಂತ ಹೆಚ್ಚು ದ್ವೇಷಿಸಿದೆ. ಕ್ಷಮಿಸದವನನ್ನು ಬೇರೇನು ಮಾಡಲು ಬರುತ್ತದೆ?

ಮರುವರ್ಷ ನವೆಂಬರ್ ಹದಿನೈದು ಬಂತು. ಕಬ್ಬಿಣ ಮುಟ್ಟಿ ನೋಡಿದೆ: ಹೆಣ. ಮುದುಕ ತಂತಿ ಕತ್ತರಿಸಿ ತಿರುಪು ಮುಚ್ಚಿದ್ದ. ಉಳಿದದ್ದು ನಾಲ್ಕು ಗಂಡು ಮೀನು; ಅವು ಮಲಗಿದರೂ ಒಂದೇ, ಎದ್ದರೂ ಒಂದೇ, ತಳಿ ಮುಂದೆ ಹೋಗುವುದಿಲ್ಲ. ಅವನಿಗೂ ಅದು ಗೊತ್ತಿತ್ತು.

ಲುವಾನ್ ಬಂದು ನನ್ನ ಬಾಗಿಲು ಬಡಿದಳು. ಹಿಂದೆ ಮೇಲಿನ ಮನೆಗಳವರೂ ನಿಂತಿದ್ದರು. "ಟಿಕೆಟ್ಟಮ್ಮಾ, ಇಳಿದು ಬಾರೇ! ಆ ಮುದುಕ ಮತ್ತೆ ಮುಚ್ಚಿದಾನೆ. ನಿನ್ನಷ್ಟು ಬಾಯಿ ಯಾರಿಗಿದೆ ಹೇಳು?"

ನಾನು ಹತ್ತಿ ತುಂಬಿದ ಎರಡು ಕೋಟು ತೊಟ್ಟು, ತಲೆಗೆ ಶಾಲು ಸುತ್ತಿ ನಿಂತಿದ್ದೆ. ಉಸಿರು ಹೊಗೆಯಾಗಿ ಅವಳ ಮುಖಕ್ಕೆ ತಾಗುತ್ತಿತ್ತು.

"ಯಾಕೆ?" ಅಂದೆ. "ನಮ್ಮನೇಲಿ ಬೆಚ್ಚಗೇ ಇದ್ಯಲ್ಲ."