ಆಡು ಕರೆಯುವ ಬಟನ್

ನಾನು ಮಾಡಿದ ಮೊದಲ ಆ್ಯಪ್‌ನಲ್ಲಿ ಇದ್ದದ್ದು ಒಂದು ಬೆಕ್ಕಿನ ಚಿತ್ರ. ಒತ್ತಿದರೆ ಮ್ಯಾಂವ್ ಅನ್ನುತ್ತಿತ್ತು, ಅಷ್ಟೇ. ಆದರೆ ವಿಜಯಪುರದ ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಆ ಶನಿವಾರ ಮಧ್ಯಾಹ್ನ ನನ್ನ ಫೋನು ಮೊದಲ ಸಲ ಮ್ಯಾಂವ್ ಎಂದಾಗ ನಾನು ಕುರ್ಚಿಯಿಂದ ಎದ್ದೇ ನಿಂತುಬಿಟ್ಟೆ. ಅಲ್ಲಿಯವರೆಗೆ ಆ ಫೋನಿನಲ್ಲಿ ನಾನು ಒತ್ತಿದ್ದೆಲ್ಲ ಯಾರೋ ಎಲ್ಲೋ ಕೂತು ಮಾಡಿದ್ದು. ಇದು ನಾನು ಮಾಡಿದ್ದು.

ನಾನಾಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ನಮ್ಮೂರು ಕನಮಡಿ. ಮನೆಯಲ್ಲಿ ಅಪ್ಪ, ಅವ್ವ, ಸ್ವಲ್ಪ ಹೊಲ, ಒಂದು ಹಿಂಡು ಆಡು. ಓದಿಗಾಗಿ ನಾನು ಜೋರಾಪುರ ಪೇಟೆಯಲ್ಲಿ ಚಿಗವ್ವನ ಮನೆಯಲ್ಲಿದ್ದೆ. ಕಾಲೇಜಿನಲ್ಲಿ ಶನಿವಾರಕ್ಕೊಮ್ಮೆ ಆ್ಯಪ್ ಮಾಡುವುದನ್ನು ಕಲಿಸುತ್ತಾರೆ, ಏನೂ ಗೊತ್ತಿಲ್ಲದವರೂ ಬರಬಹುದು ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಏನೂ ಗೊತ್ತಿಲ್ಲದವರು ಎಂಬ ಮಾತು ನನಗೇ ಹೇಳಿದಂತಿತ್ತು. ಹೋಗಿ ಸೇರಿಕೊಂಡೆ.

ಕಲಿಸುತ್ತಿದ್ದವರು ಕಂಪ್ಯೂಟರ್ ವಿಭಾಗದ ಮೇಡಂ. ವಿಜಯಪುರದಲ್ಲೇ ಹುಟ್ಟಿ ಬೆಳೆದವರು, ವಯಸ್ಸು ನಮಗಿಂತ ಬಹಳ ಹೆಚ್ಚಿರಲಿಲ್ಲ. "ಬರಿಯೂದು ಆಮ್ಯಾಲ, ಮೊದಲ ಜೋಡಸ್ರಿ," ಎಂದು ಶುರು ಮಾಡಿದರು. ಪರದೆಯ ಮೇಲೆ ಬಣ್ಣಬಣ್ಣದ ತುಂಡುಗಳು. 'ಬಟನ್ ಒತ್ತಿದಾಗ' ಎಂಬ ಹಳದಿ ತುಂಡಿನ ಹೊಟ್ಟೆಯೊಳಗೆ 'ಸದ್ದು ಮಾಡು' ಎಂಬ ನೇರಳೆ ತುಂಡನ್ನು ಎಳೆದು ತಂದರೆ ಟಕ್ ಎಂದು ಕೂತುಕೊಳ್ಳುತ್ತಿತ್ತು. ಆ ಟಕ್ ಕೇಳುವುದಕ್ಕೆಂದೇ ನಾನು ಜೋಡಿಸಿದ್ದನ್ನು ಬಿಚ್ಚಿ ಮತ್ತೆ ಮತ್ತೆ ಜೋಡಿಸಿದ್ದುಂಟು.

ನಮಗೆ ಬೇಕಾದ ಚಿತ್ರ, ಸದ್ದುಗಳನ್ನೆಲ್ಲ ಮೇಡಂ ಒಂದು ಫೋಲ್ಡರಿನಲ್ಲಿ ಹಾಕಿ ಗ್ರೂಪಿಗೆ ಕಳಿಸಿದ್ದರು. ಬೆಕ್ಕು, ನಾಯಿ, ಗಂಟೆ, ಪಿಯಾನೊ, ಯಾವುದೋ ದೇಶದ ಆಕಳು. ಎರಡನೇ ಅಸೈನ್‌ಮೆಂಟ್ ಹೇಳುವಾಗ ಅವರೇ ಅದಕ್ಕೆ ಬೀಗ ಹಾಕಿದರು.

"ಈ ಸಲ ಫೋಲ್ಡರ್ ಮುಟ್ಟೂಹಂಗಿಲ್ಲ. ನಿಮ್ಮ ಮನ್ಯಾಗ ಕೇಳಸೂ ಸದ್ದ ತರ್ರಿ. ಬ್ಯಾರೆ ಯಾರ ಫೋನಿನ್ಯಾಗೂ ಇರಬಾರದು, ಅಂಥಾದ್ದು."

ಒಬ್ಬ ಹುಡುಗ ತನ್ನ ಅಜ್ಜನ ಗೊರಕೆ ತರುತ್ತೇನೆ ಎಂದ. ಒಬ್ಬಳು ಕುಕ್ಕರಿನ ಸೀಟಿ ಎಂದಳು. ನನಗೆ ಯೋಚಿಸುವ ಕೆಲಸವೇ ಇರಲಿಲ್ಲ. ಸಂಜೆಯಾದರೆ ಅವ್ವ ಹೊಲದ ಬದುವಿನ ಮೇಲೆ ನಿಂತು ಆಡುಗಳನ್ನು ಕರೆಯುವ ದನಿ ಆಗಲೇ ಕಿವಿಯಲ್ಲಿತ್ತು. ತುಟಿ ನಡುಗಿಸಿ 'ಟುರ್‍ರ್‍ರ್' ಎಂದು ಎಳೆದು, ಕೊನೆಗೆ 'ಬಾ ಬಾ ಬಾ ಬಾ ಯವ್ವಾ' ಎಂದು ಇಳಿಸುತ್ತಾಳೆ. ನಾನೆಷ್ಟೇ ಪ್ರಯತ್ನಪಟ್ಟರೂ ನನ್ನ ತುಟಿಗೆ ಅದು ಬಂದಿಲ್ಲ.

ಅಂದೇ ಸಂಜೆ ಊರಿನ ಬಸ್ ಹಿಡಿದೆ. ಮನೆ ಮುಟ್ಟಿ ಚೀಲ ಇಳಿಸುವ ಮೊದಲೇ ಅವ್ವನ ಬಾಯಿಗೆ ಫೋನು ಹಿಡಿದೆ.

"ನನ್ನ ದನಿ ಯಾಕ ಬೇ ನಿಮ್ಮ ಸಾಲ್ಯಾಗ?" ಎಂದಳು ಅವ್ವ.

"ಅಸೈನ್‌ಮೆಂಟ್ ಐತಿ. ಆಡು ಹೆಂಗ ಕರೀತಿ, ಹಂಗ ಕರಿ."

ಅವ್ವ ಸೆರಗು ಸರಿ ಮಾಡಿಕೊಂಡಳು. ಗಂಟಲು ಸರಿ ಮಾಡಿಕೊಂಡಳು. ಆಮೇಲೆ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಮೆಲ್ಲಗೆ, "ಬಾ... ಬಾ..." ಎಂದಳು. ಅಪ್ಪ ನಕ್ಕುಬಿಟ್ಟ. ಅವ್ವನಿಗೆ ಸಿಟ್ಟು ಬಂತು.

"ಮುಂದ ಆಡ ಇಲ್ಲದ ಹೆಂಗ ಕರೀಲಿ? ಯಾರ ಬರ್ತಾರಂತ ಕರೀಲಿ?"

ಮಾತು ಸರಿಯಾಗಿತ್ತು. ಮರುದಿನ ಹೊತ್ತು ಇಳಿಯುವಾಗ ಅವಳ ಹಿಂದೆಯೇ ಹೊಲಕ್ಕೆ ಹೋದೆ. ಆಡುಗಳು ದೂರದ ಜಾಲಿಗಿಡಗಳಲ್ಲಿ ಕಾಯಿ ಹುಡುಕುತ್ತ ಚದುರಿದ್ದವು. ಅವ್ವ ನನ್ನನ್ನು ಮರೆತಳು. ಸೊಂಟದ ಮೇಲೆ ಕೈಯಿಟ್ಟು ಕರೆದಳು. ನಾನು ಹಿಂದಿನಿಂದ ಫೋನು ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದೆ. ಬಿಳಿ ಕಿವಿಯ ಆಡು ಮೊದಲು ತಲೆ ಎತ್ತಿತು, ಅದು ಹೊರಟ ಮೇಲೆ ಉಳಿದವೆಲ್ಲ ಹೊರಟವು. ನನ್ನ ಫೋನಿನಲ್ಲಿ ಅವ್ವನ ಪೂರ್ತಿ ಕೂಗು ಬಂದು ಕೂತಿತ್ತು.

ವಿಜಯಪುರಕ್ಕೆ ಹೊರಡುವ ಮೊದಲು, ಬೆಳಿಗ್ಗೆ, ಬೆಕ್ಕಿನ ಚಿತ್ರ ತೆಗೆದು ನಮ್ಮ ಬಿಳಿ ಕಿವಿಯ ಆಡಿನ ಫೋಟೋ ಹಾಕಿದೆ. ಸದ್ದು ಬದಲಿಸಿದೆ. ಆಡುಗಳು ದೊಡ್ಡಿಯ ಮುಂದೆ ನಿಂತಿದ್ದವು, ಅವ್ವ ಅವುಗಳ ಹತ್ತಿರವೇ ಕಸ ಗುಡಿಸುತ್ತಿದ್ದಳು. ನಾನು ಮನೆಯ ಹಿಂದೆ ಹೋಗಿ ಬಟನ್ ಒತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗೊರಸಿನ ಸದ್ದು. ಬಿಳಿ ಕಿವಿಯದು ಗೋಡೆ ಸುತ್ತಿ ಓಡಿ ಬಂತು, ಅದರ ಹಿಂದೆ ಇಡೀ ಹಿಂಡು. ಅದು ನನ್ನ ಕೈ ಮೂಸಿತು, ಫೋನು ಮೂಸಿತು, ಫೋನಿನ ಮೂಲೆ ಕಚ್ಚಿ ನೋಡಿತು. ನಾನು ಕುಣಿದೆ. ನಿಜವಾಗಿಯೂ ಕುಣಿದೆ. ಪೊರಕೆ ಹಿಡಿದುಕೊಂಡೇ ಅವ್ವ ಓಡಿ ಬಂದಳು.

"ಏನ್ ಸೊಕ್ಕ ಬಂದೈತಿ ಇವಕ್ಕ! ನಾ ಇಲ್ಲೇ ನಿಂತೇನಿ, ನನ್ನ ಬಿಟ್ಟು ನನ್ನ ದನಿ ಹಿಂದ ಹೋಗ್ಯಾವ!"

ಅಪ್ಪ ನಗುತ್ತ ನಗುತ್ತ ಕಟ್ಟೆಯ ಮೇಲೆ ಕೂತುಬಿಟ್ಟಿದ್ದ.

ಮುಂದಿನ ಶನಿವಾರ ಕ್ಲಾಸಿನಲ್ಲಿ ಎಲ್ಲರ ಸದ್ದು ಕೇಳಿಸಿದರು. ಗೊರಕೆಗೆ ನಕ್ಕರು, ಸೀಟಿಗೆ ನಕ್ಕರು. ಅವ್ವನ ಕೂಗಿಗೆ ಪಕ್ಕದ ಕೋಣೆಯಿಂದ ಜನ ಬಂದು ಇಣುಕಿದರು. ಅದು ಕೆಲಸ ಮಾಡುತ್ತದೆ, ಆಡುಗಳು ಬಂದವು ಎಂದಾಗ ಮೇಡಂ ಡಸ್ಟರ್ ಕೆಳಗಿಟ್ಟರು.

"ಖರೇನ ಬಂದಾವ?"

"ಖರೇನರಿ ಮೇಡಂ. ಫೋನ್ ತಿನ್ನಾಕ ಬಂದ್ವು."

"ಹಂಗಾರ ನಿನ್ನ ಕೊನೀ ಅಸೈನ್‌ಮೆಂಟ್ ಇದ. ಮನ್ಯಾಗಿನವರೊಬ್ಬರು ನೀ ಬಾಜೂಕ ಇಲ್ಲದಾಗ ಇದನ್ನ ಬಳಸಬೇಕು. ನೀ ಒತ್ತಿದ್ದು ಲೆಕ್ಕಕ್ಕಿಲ್ಲ."

ಸುಲಭ ಎಂದುಕೊಂಡೆ. ಮುಂದಿನ ವಾರ ಊರಿಗೆ ಹೋದಾಗ ಅಪ್ಪನ ಫೋನಿಗೆ ಹಾಕಿಕೊಟ್ಟೆ. ಅಪ್ಪ ಹೆಬ್ಬೆರಳಿನಿಂದ ಒತ್ತಿದ, ಏನೂ ಆಗಲಿಲ್ಲ. ಕುಂಟೆ ಹಿಡಿದು ಗಟ್ಟಿಯಾದ ಬೆರಳು. ನಾನು ಮಾಡಿದ ಬಟನ್ ಹುಣಸೆ ಬೀಜದಷ್ಟು, ಅದರ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿದ್ದೆ. ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದದ್ದನ್ನು ಅಳಿಸಿ, ಆಡಿನ ಮುಖವನ್ನು ಇಡೀ ಪರದೆಯಷ್ಟು ದೊಡ್ಡದು ಮಾಡಿದೆ. ಎಲ್ಲಿ ಒತ್ತಿದರೂ ಅದು ಬಟನ್ನೇ.

"ಹಾಂ, ಇದು ಆಡು," ಎಂದ ಅಪ್ಪ, ಇಷ್ಟು ಹೊತ್ತು ಅದು ಬೇರೇನೋ ಆಗಿದ್ದ ಹಾಗೆ.

ಆದರೆ ಬಳಸುವ ಪ್ರಸಂಗವೇ ಬರಲಿಲ್ಲ. ಅವ್ವ ಮನೆಯಲ್ಲಿರುವಾಗ ಅವಳ ದನಿಗೆ ಫೋನು ಯಾಕೆ? ಕ್ಲಾಸು ಮುಗಿಯುತ್ತ ಬಂದಿತ್ತು, ನನಗೆ ಚಡಪಡಿಕೆ. ಅಷ್ಟರಲ್ಲಿ ಅವ್ವನ ತವರು ಸಾರವಾಡದಲ್ಲಿ ಅವಳ ತಮ್ಮನ ಮಗಳ ಕುಬಸ ಬಂತು. ಚೊಚ್ಚಲ ಬಸುರಿ, ಅವ್ವ ಹೋಗಲೇಬೇಕು. ಸಾರವಾಡದ ಮೇಲೆ ಹೋಗುವ ಬಬಲೇಶ್ವರದ ಬಸ್ ಹತ್ತಲು ವಿಜಯಪುರಕ್ಕೆ ಬಂದ ಅವ್ವ ದಾರಿಯಲ್ಲಿ ಚಿಗವ್ವನ ಮನೆಗೂ ಬಂದು, ಚಹಾ ಕುಡಿಯುತ್ತ ಹೇಳಿದಳು: "ನಿಮ್ಮಪ್ಪ ಇವತ್ತ ಆಡು ಹೆಂಗ ಹೊಡಕೊಂಡ ಬರ್ತಾನೋ ನೋಡೂನು. ಅವನ ಮಾತು ಒಂದೂ ಕೇಳಂಗಿಲ್ಲ."

ನನಗೆ ಕೇಳಿದ್ದು ಒಂದೇ: ಇವತ್ತು ಅಪ್ಪ ಬಟನ್ ಒತ್ತುತ್ತಾನೆ!

ಸಂಜೆಯಾಯಿತು. ನಾನು ಚಿಗವ್ವನ ಜೊತೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದೆ, ಬಿಡಿಸುತ್ತಿದ್ದದ್ದಕ್ಕಿಂತ ಫೋನು ನೋಡುತ್ತಿದ್ದದ್ದೇ ಹೆಚ್ಚು. ಕೊನೆಗೂ ಫೋನು ಬಂತು, ಗೊತ್ತಿಲ್ಲದ ನಂಬರಿನಿಂದ. ಅಪ್ಪ, ಬಾಜೂ ಹೊಲದ ಕಾಕಾನ ಫೋನಿನಿಂದ ಮಾತಾಡುತ್ತಿದ್ದ.

"ಏ ತಂಗಿ, ನಿನ್ನ ಆಡು ಕೆಟ್ಟೈತಿ!"

"ಯಾವ ಆಡು ಅಪ್ಪಾ?"

"ಫೋನಿನ್ಯಾಗಿಂದು! ಒತ್ತಾಕತ್ತೇನಿ, ಒತ್ತಾಕತ್ತೇನಿ, ಪೂರಾ ಒದರವಲ್ದು. ಇವು ನೋಡು, ತಲಿ ಎತ್ತತಾವ, ಮತ್ತ ತಿನ್ನಾಕ ಹತ್ತತಾವ. ಕೇಳು ಬೇಕಾರ."

ಎರಡು ಫೋನುಗಳನ್ನೂ ಒಂದರ ಮುಂದೆ ಒಂದು ಹಿಡಿದನೆಂದು ಕಾಣುತ್ತದೆ. ಆ ಕಡೆಯಿಂದ ಅವ್ವನ ದನಿ ಬಂತು. 'ಟುರ್... ಟುರ್... ಟುರ್... ಟುರ್...' ಅಷ್ಟೇ. ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಕೆಟ್ಟು ನಿಂತ ಟ್ರ್ಯಾಕ್ಟರ್ ಶುರು ಮಾಡುವ ಹಾಗೆ. ನಾನು ಸೊಪ್ಪು ಕೆಳಗಿಟ್ಟು ಕಣ್ಣು ಮುಚ್ಚಿ ಕೇಳಿದೆ. ಥಟ್ಟನೆ ಹೊಳೆಯಿತು. ಅಪ್ಪ ಬಿಡದೆ ಒತ್ತುತ್ತಿದ್ದಾನೆ. ಪ್ರತಿ ಸಲ ಒತ್ತಿದಾಗಲೂ ಕೂಗು ಮೊದಲಿನಿಂದ ಶುರುವಾಗುತ್ತಿದೆ. 'ಬಾ ಬಾ ಬಾ ಬಾ ಯವ್ವಾ' ಬರುವುದರೊಳಗೆ ಇನ್ನೊಂದು ಒತ್ತು. ಅವ್ವ ಬಾಯಿ ತೆರೆದಳು ಎನ್ನುವಷ್ಟರಲ್ಲಿ ಅಪ್ಪ ಅವಳ ಬಾಯಿ ಮುಚ್ಚುತ್ತಿದ್ದ!

"ಅಪ್ಪಾ, ಒಮ್ಮೆ ಒತ್ತು. ಒಮ್ಮೆ ಅಂದ್ರ ಒಮ್ಮೆ. ಆಮ್ಯಾಲ ಬಟ್ಟು ತಗಿ!"

"ಒಮ್ಮಿಗೆ ಕೇಳ್ತಾವೇನು?"

"ಅವ್ವ ಎಷ್ಟ ಸರ್ತಿ ಕರೀತಾಳ?"

ಆ ಕಡೆ ಅಪ್ಪ ಒಮ್ಮೆ ಒತ್ತಿದ. ಆಮೇಲೆ ಬಂತು, ಎಳೆದೆಳೆದು, ಪೂರ್ತಿಯಾಗಿ, ಅವ್ವನ ಕೂಗು. ಅದು ಮುಗಿದ ಮೇಲೆ ಗಾಳಿಯ ಸದ್ದು. ಆಮೇಲೆ ಅಪ್ಪನ ದನಿ, ಚಿಕ್ಕ ಹುಡುಗನಂತೆ:

"ಬಂದ್ವು! ಏ ಬಂದ್ವು! ಬಿಳಿ ಕಿವೀದು ಮುಂದ ಐತಿ... ಲೇ, ಕಾಕಾನ ಕುರೀನೂ ಬರಾಕತ್ತಾವಲೇ!"

ಕಾಕಾ ಬೈಯುತ್ತ ತನ್ನ ಕುರಿಗಳ ಹಿಂದೆ ಓಡಿದ್ದೂ ಕೇಳಿಸಿತು. ನಾನು ಕೂಗಿದ್ದಕ್ಕೆ ಚಿಗವ್ವನ ಓಣಿಯ ಇಬ್ಬರು ಬಾಗಿಲಿಗೆ ಬಂದರು. ಯಾರಿಗೇನಾಯಿತು ಎಂದು ಕೇಳಿದರು. "ಏನೂ ಇಲ್ಲರಿ," ಎಂದಳು ಚಿಗವ್ವ, "ಕನಮಡ್ಯಾಗ ಆಡು ದೊಡ್ಡಿಗಿ ಹೋದ್ವು."

ಶನಿವಾರ ಮೇಡಂಗೆ ಎಲ್ಲ ಹೇಳಿದೆ. ನಾನು ಮಾಡಿದ್ದರಲ್ಲಿ ತಪ್ಪಿತ್ತೋ, ಅಪ್ಪನ ಅವಸರ ತಪ್ಪೋ ಎಂದು ಕೇಳಿದೆ.

"ಅವಸರ ಎಲ್ಲಾರಿಗೂ ಇರ್ತೈತಿ," ಎಂದರು ಮೇಡಂ. "ಲಿಫ್ಟಿನ ಬಟನ್ ನಾನೂ ಹತ್ತ ಸರ್ತಿ ಒತ್ತೇನಿ. ಅವಸರ ಇದ್ದವರ ಕೈಯಾಗೂ ನಡೀಬೇಕು ಅದು. ಹೆಂಗ ಮಾಡ್ತಿ?"

ಅವರು ಹೇಳಿಕೊಡಲಿಲ್ಲ. ನಾನು ಆ ಮಧ್ಯಾಹ್ನವಿಡೀ ತುಂಡುಗಳನ್ನು ಎಳೆದೆಳೆದು ನೋಡಿದೆ. ಒತ್ತಿದ ಕೂಡಲೇ ಬಟನ್ ಮಲಗಬೇಕು, ಕೂಗು ಮುಗಿದ ಮೇಲೆ ಏಳಬೇಕು. 'ಸದ್ದು ಮುಗಿದಾಗ' ಎಂಬ ತುಂಡೊಂದು ಇದೆ ಎಂದು ಗೊತ್ತಾಗುವುದಕ್ಕೇ ಬಹಳ ಹೊತ್ತು ಹಿಡಿಯಿತು. ಸಿಕ್ಕಿತು. ಟಕ್ ಎಂದು ಕೂತಿತು. ಕ್ಲಾಸಿನವರನ್ನೆಲ್ಲ ಕರೆದು ಮನಸ್ಸಿಗೆ ಬಂದ ಹಾಗೆ ಒತ್ತಿರಿ ಎಂದೆ. ಗೊರಕೆಯವನು ಎರಡೂ ಕೈಯಿಂದ ಒತ್ತಿದ. ಅವ್ವ ನಿಲ್ಲದೆ ಪೂರ್ತಿ ಕರೆದಳು. ಮೇಡಂ ಚಪ್ಪಾಳೆ ಹೊಡೆದರು.

ಸಾರವಾಡದಿಂದ ಮರಳಿದ ಅವ್ವನಿಗೆ ಅಪ್ಪ ಇದನ್ನೆಲ್ಲ ಏನೇನು ಬಣ್ಣ ಹಚ್ಚಿ ಹೇಳಿದ್ದನೋ ಗೊತ್ತಿಲ್ಲ. ಹೊಸ ಆ್ಯಪ್ ಹಾಕಿಕೊಡಲು ಊರಿಗೆ ಹೊರಟ ದಿನ, ನಾನು ಬಸ್ಸಿನಲ್ಲಿ ಕೂತಿರುವಾಗ ಅಪ್ಪನ ಫೋನಿನಿಂದ ಒಂದರ ಹಿಂದೊಂದು ವಾಯ್ಸ್ ಮೆಸೇಜ್ ಬರತೊಡಗಿದವು. ಬಸ್ಸಿನ ಗದ್ದಲದಲ್ಲಿ ಏನೂ ತಿಳಿಯಲಿಲ್ಲ. ದನಿ ಏರಿಸಿ ಹಚ್ಚಿದೆ. ಅವ್ವ! "ಇದು ನೀರಿಗಿ ಕರಿಯೂದು," ಎಂದು ಹೇಳಿ ಒಂದು ಕೂಗು. "ಇದು ಮಂದಿ ಬೆಳಿಯಾಗ ಹೊಕ್ಕಾಗ," ಎಂದು ಬೈದ ಹಾಗೆ ಒಂದು. "ಇದು ನಾಯಿ ಬಂದಾಗ," ಎಂದು ಇನ್ನೊಂದು, ಅದಕ್ಕೆ ಡ್ರೈವರ್ ಕೂಡ ತಿರುಗಿ ನೋಡಿದ. ಎದುರಿಗೆ ಆಡು ಇಲ್ಲದೆಯೂ ಈಗ ಅವಳಿಗೆ ಕರೆಯಲು ಬರುತ್ತಿತ್ತು.

ತಿಕೋಟಾದಲ್ಲಿ ಹತ್ತಿದ್ದ, ರುಮಾಲು ಸುತ್ತಿದ ಹಿರಿಯರೊಬ್ಬರು ಸೀಟಿನ ಮೇಲಿಂದ ಬಗ್ಗಿದರು.

"ಯಾರ ದನಿ ಬೇ ಅದು?"

"ನಮ್ಮವ್ವಂದ್ರಿ. ಆಡು ಕರಿಯೂ ಆ್ಯಪ್ ಮಾಡೇನ್ರಿ." ತೋರಿಸಿದೆ.

ಅವರು ಕೇಳಿ ತಲೆ ಅಲ್ಲಾಡಿಸಿದರು. "ಚಲೋ ಐತಿ. ಖರೆ ಇದಕ್ಕ ನಮ್ಮ ಆಡು ಕಿವೀನೂ ಅಳ್ಳಾಡಸಂಗಿಲ್ಲ. ನಮ್ಮದು ಬ್ಯಾರೆ."

"ನಿಮ್ಮದು ಹೆಂಗ್ರಿ ಕಾಕಾ?"

ಅವರು ಹಿಂದೆ ಮುಂದೆ ನೋಡಿದರು. ಆಮೇಲೆ ಕಿಟಕಿಯ ಸರಳು ಹಿಡಿದು, ಎದೆ ತುಂಬ ಉಸಿರು ತೆಗೆದುಕೊಂಡು, 'ಹೂಲಾಲಾಲಾ ಹೋಯ್' ಎಂದು ಬಸ್ಸು ನಡುಗುವ ಹಾಗೆ ಕರೆದರು. ಹಿಂದಿನ ಸೀಟಿನ ಕೂಸು ಅಳತೊಡಗಿತು. ಅದರ ತಾಯಿ ಅದನ್ನು ತೊಡೆಯ ಮೇಲೆ ಕುಣಿಸುತ್ತ, "ಹಂಗಲ್ಲ ತಗೀರಿ, ನಮ್ಮ ಕಡೆ ಹಿಂಗ," ಎಂದು ನಾಲಿಗೆಯಿಂದ ಟೊಕ್ ಟೊಕ್ ಮಾಡಿ ತೋರಿಸಿದಳು. ಇನ್ನೊಬ್ಬರು ಶಿಳ್ಳೆ ಹಾಕಿದರು.

"ಆಡು ಹತ್ತಸಂಗಿಲ್ಲ ನೋಡ್ರಿ ಬಸ್ಸಿನ್ಯಾಗ," ಎಂದ ಕಂಡಕ್ಟರ್. ಎಂದವನೇ ತನ್ನ ಅಜ್ಜಿಯ ಕೂಗನ್ನೂ ಕೇಳಿಸಿದ.

ನಾನು ಸೀಟಿನಿಂದ ಸೀಟಿಗೆ ಫೋನು ಹಿಡಿದುಕೊಂಡು ಓಡಾಡಿ ಎಲ್ಲವನ್ನೂ ತುಂಬಿಕೊಂಡೆ. ನನ್ನದೇ ಒಂದು ಫೋಲ್ಡರ್ ಆಯಿತು. ಮೇಡಂಗೆ ಬಸ್ಸಿನಿಂದಲೇ ಕಳಿಸಿದೆ. 'ಮುಂದಿನ ಬ್ಯಾಚಿನವರಿಗೆ ಇದನ್ನೇ ಕೊಡ್ತೇನಿ' ಎಂದು ಉತ್ತರ ಬಂತು.

ಮನೆಯಲ್ಲಿ ಅವ್ವನಿಗೆ ಅವನ್ನೆಲ್ಲ ಹಚ್ಚಿ ಕೇಳಿಸಿದೆ. ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು. ಶಿಳ್ಳೆಗೆ ಮೂಗು ಮುರಿದಳು. ಟೊಕ್ ಟೊಕ್ ಎಂದವಳ ದನಿ ಬಂದಾಗ ಮಾತ್ರ ಮತ್ತೊಮ್ಮೆ ಹಚ್ಚು ಎಂದಳು.

"ಈಕಿ ಆಡು ಭಾಳ ಮಾತ ಕೇಳ್ತಾವ ನೋಡು," ಎಂದಳು. "ಯಾ ಊರಾಕಿ ಅಂತ ಕೇಳಿದಿ?"

ಕೇಳಿರಲಿಲ್ಲ. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ತುಟಿಯೊಳಗೇ ಟೊಕ್ ಟೊಕ್ ಎನ್ನಲು ಶುರು ಮಾಡಿದಳು.