ನಾನು ಹೇಳದೆ ಬಿಟ್ಟ ವಾಕ್ಯ

ಅಜ್ಜಂಪುರದಿಂದ ರೈಲಿನಲ್ಲಿ ಬೀರೂರಿಗೆ, ಅಲ್ಲಿಂದ ಬಸ್ಸಿನಲ್ಲಿ ಕಡೂರಿನ ಕಾಲೇಜಿಗೆ ನಾನು ಮೂರು ವರ್ಷ ಓಡಾಡಿದೆ. ಜೊತೆಗಿದ್ದವಳು ಒಬ್ಬಳೇ ಗೆಳತಿ. ಎರಡನೇ ವರ್ಷ ಲೈಬ್ರರಿಯಲ್ಲಿ ನನಗೊಂದು ದಪ್ಪ ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಬಿರುಗಾಳಿಯನ್ನು ಪಳಗಿಸುವ ಹುಡುಗಿಯ ಕಥೆ. ಗೆಳತಿಗೆ ಇಂಗ್ಲಿಷ್ ಓದುವುದು ಕಷ್ಟ. ದಿನವೂ ರೈಲಿನಲ್ಲಿ ನಾನು ಕನ್ನಡ ಮಾಡಿ ಹೇಳುತ್ತಿದ್ದೆ, ಅವಳು ಕಿಟಕಿಗೆ ತಲೆಯಾನಿಸಿ ಕೇಳುತ್ತಿದ್ದಳು.

ಮೂರನೇ ಅಧ್ಯಾಯದಲ್ಲಿ ಒಂದು ವಾಕ್ಯವಿತ್ತು. ಹುಡುಗಿಯ ಮೈಬಣ್ಣ ಮಳೆ ಬಿದ್ದ ಎರೆಮಣ್ಣಿನಷ್ಟು ಕಪ್ಪು ಎಂದು. ಅದನ್ನು ಎರಡು ಸಲ ಓದಿಕೊಂಡೆ. ನನ್ನದೂ ಅದೇ ಬಣ್ಣ. ಆದರೆ ತುಂಬಿದ ಬೋಗಿಯಲ್ಲಿ ‘ಕಪ್ಪು’ ಎಂದು ಬಾಯಿಬಿಟ್ಟು ಹೇಳಿದರೆ ಎಲ್ಲರೂ ನನ್ನತ್ತ ನೋಡುತ್ತಾರೆ ಅನ್ನಿಸಿತು. ಆ ವಾಕ್ಯ ಹಾರಿಸಿ ಮುಂದಕ್ಕೆ ಹೋದೆ.

ಕಾಲೇಜು ದಿನಾಚರಣೆಗೆ ಅದೇ ಕಥೆಯನ್ನು ನಾಟಕ ಮಾಡಿದೆವು. ನಾಯಕಿಯ ಪಾತ್ರ ಗೆಳತಿಗೆ. ನನ್ನ ದನಿ ಚೆನ್ನಾಗಿದೆಯೆಂದು ಮೇಷ್ಟ್ರು ನನ್ನನ್ನು ಕಥೆ ಹೇಳಲು ಪರದೆಯ ಹಿಂದೆ ಮೈಕ್ ಕೊಟ್ಟು ನಿಲ್ಲಿಸಿದರು. ಗೆಳತಿಯ ಬೆಳ್ಳನೆಯ ಮುಖಕ್ಕೆ ಇನ್ನಷ್ಟು ಪೌಡರ್ ಹಚ್ಚಿದವಳು ನಾನೇ.

ಈಗ ಅವಳು ಮದುವೆಯಾಗಿ ಕಡೂರಿನಲ್ಲೇ ಇದ್ದಾಳೆ. ನಾನು ತರೀಕೆರೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುತ್ತೇನೆ. ಆ ಕಾದಂಬರಿ ಈಚೆಗೆ ಧಾರಾವಾಹಿಯಾಯಿತು, ಕನ್ನಡದ ಡಬ್ಬಿಂಗೂ ಬಂತು. ಒಟ್ಟಿಗೆ ನೋಡೋಣವೆಂದು ಗೆಳತಿ ಕರೆದಳು. ಭಾನುವಾರ ಬೆಳಗಿನ ಬಸ್ಸಿಗೆ ಹೋದೆ. ನಾನು ಆಮೇಲೆ ಕೊಂಡಿದ್ದ ಪ್ರತಿಯೂ ಚೀಲದಲ್ಲಿತ್ತು.

ತೆರೆಯ ಮೇಲೆ ನಾಯಕಿ ಬಂದಳು. ಕಪ್ಪು ಹುಡುಗಿ, ಗುಂಗುರು ಕೂದಲು, ಬಂಡೆಯ ಮೇಲೆ ನಿಂತು ಗಾಳಿಯನ್ನು ಕರೆಯುತ್ತಿದ್ದಳು. ನನಗೆ ಕಣ್ಣು ತುಂಬಿತು. ಹತ್ತು ನಿಮಿಷಕ್ಕೆ ಗೆಳತಿ ಟೀವಿ ನಿಲ್ಲಿಸಿದಳು.

“ಕಥೆ ಹಾಳ್ ಮಾಡ್ಬಿಟ್ರು ಕಣೇ. ಇವಳೆಲ್ಲಿ, ನಮ್ ಕಥೆಯವಳೆಲ್ಲಿ.”

ನಾನು ಪುಸ್ತಕ ತೆಗೆದು ಆ ವಾಕ್ಯದ ಮೇಲೆ ಬೆರಳಿಟ್ಟೆ. ಅವಳು ನಿಧಾನವಾಗಿ, ತುಟಿಯಾಡಿಸುತ್ತ ಓದಿಕೊಂಡಳು.

“ಇಷ್ಟ್ ವರ್ಷ ನೀನ್ ಯಾಕ್ ಹೇಳ್ಲಿಲ್ಲ?”

ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ. ಊಟ ಮಾಡಿಕೊಂಡು ಹೋಗೆಂದಳು. ಶಾಲೆಯ ಕೆಲಸವಿದೆಯೆಂದು ಸುಳ್ಳು ಹೇಳಿ ಎದ್ದೆ. ಮಧ್ಯಾಹ್ನ ಕೋಣೆಗೆ ಬಂದು ಫೋನಿನಲ್ಲಿ ಉಳಿದ ಭಾಗಗಳನ್ನೆಲ್ಲ ಒಂದೇ ಸಮನೆ ನೋಡಿದೆ. ಮುಗಿದಾಗ ಯಾರಿಗಾದರೂ ಹೇಳಬೇಕೆನ್ನಿಸಿತು. ಫೋನಿನಲ್ಲಿ ಹೆಸರುಗಳನ್ನು ಮೇಲಿಂದ ಕೆಳಗೆ ಸರಿಸಿ ನೋಡಿದೆ. ನನ್ನ ಬಾಯಿಂದ ಈ ಕಥೆ ಪೂರ್ತಿ ಕೇಳಿದವಳು ಅವಳೊಬ್ಬಳೇ.

ವಾರ ಕಳೆದ ಮೇಲೆ ಅವಳದೇ ಮೆಸೇಜ್ ಬಂತು. “ಪೂರ್ತಿ ನೋಡ್ದೆ. ಕಪ್ಪಗಿದ್ರೂ ಲಕ್ಷಣವಾಗಿದಾಳೆ ಕಣೇ.”

ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ನನ್ನ ಬಗ್ಗೆ ಇದನ್ನೇ ಹೇಳಿ ಎದ್ದುಹೋಗಿದ್ದರು. ಅವಳು ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ, ರಾಜಿಯಾಗಲೆಂದೇ ಬರೆದದ್ದು. ಆದರೂ ಈ ಸಲ ಹಾರಿಸಿಕೊಂಡು ಹೋಗಲು ಆಗಲಿಲ್ಲ. “ಕಪ್ಪಗಿದಾಳೆ, ಲಕ್ಷಣವಾಗಿದಾಳೆ. ಆ ‘ಇದ್ರೂ’ ಬೇಡ ಕಣೇ” ಎಂದು ಬರೆದು ಕಳಿಸಿದೆ.

ಅವಳು ಓದಿದ ಗುರುತು ಆಗಲೇ ಬಿತ್ತು. ಉತ್ತರ ಇನ್ನೂ ಬಂದಿಲ್ಲ.