ನಡುರಸ್ತೆಯ ಹರಿವೆ ಸೊಪ್ಪು

ಗಣಪಣ್ಣನ ಅಂಗಡಿ ಒಡೆಯುವ ಹಿಂದಿನ ದಿನ ಬುಧವಾರವಾಗಿತ್ತು. ಹೆದ್ದಾರಿ ಅಗಲ ಮಾಡುವ ಕೆಲಸ ಹೊನ್ನಾವರ, ಕುಮಟೆ ದಾಟಿ ಮಿರ್ಜಾನದ ಹತ್ತಿರವಿರುವ ನಮ್ಮ ಕೇರಿಯವರೆಗೆ ಬಂದ ವರ್ಷ ಅದು. ಅಂಗಡಿ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ದಿನ ಬೇರೆ ದಿನಗಳ ಹಾಗೆಯೇ ಇತ್ತು.

ಬೆಳಿಗ್ಗೆ ನನ್ನ ಓರಗಿತ್ತಿ ಸುಮಿತ್ರಕ್ಕ ರಸ್ತೆ ಬದಿಯ ನಮ್ಮ ಹಿತ್ತಲಿನಲ್ಲಿ ಕೆಂಪು ಹರಿವೆ ಕಿತ್ತು, ಬಾಳೆನಾರಿನಲ್ಲಿ ಕಟ್ಟಿ ಗಣಪಣ್ಣನ ಅಂಗಡಿಗೆ ಒಯ್ದಳು. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಆ ಮನೆಗೆ ಬಂದಾಗಿನಿಂದ ನಮ್ಮಿಬ್ಬರದು ಒಂದೇ ಒಲೆ. ಗಣಪಣ್ಣ ಸೊಪ್ಪು ಇಟ್ಟುಕೊಂಡು ಅವಳಿಗೆ ಬೇಳೆಯೋ ಮೆಣಸೋ ಕೊಡುತ್ತಿದ್ದ. ಅಷ್ಟರಲ್ಲಿ ಬಸ್ಸು ಬಂತು. ಮೀನು ಮಾರುವ ದೇವಮ್ಮ ಬುಟ್ಟಿ ಇಳಿಸಿ, ಅಲ್ಲಿಂದಲೇ ಕೂಗಿದಳು.

"ಸುಮಿತ್ರಾ, ಬಂಗಡೆ ಬೇಕನೇ? ಇಲ್ಲಾ ಇವತ್ತೂ ಸೊಪ್ಪೇ ತಿಂಬೂದಾ?"

"ನಿನ್ನ ಬಂಗಡೆ ನಿನ್ನೆ ಹಿಡ್ದದ್ದು ಅಲ್ದಾ? ಅದ್ರ ಕಣ್ಣೇ ಹೇಳ್ತದೆ."

"ನಿನ್ನ ಕಣ್ಣು ಮೊದ್ಲು ಕನ್ನಡೀಲಿ ನೋಡ್ಕ, ಮಾರಾಯ್ತಿ."

ಗಣಪಣ್ಣ ನಕ್ಕ. ಸುಮಿತ್ರಕ್ಕ ಬಂಗಡೆ ತೆಗೆದುಕೊಂಡಳು. ದೇವಮ್ಮ ಎರಡು ಸಣ್ಣ ಮೀನು ಮೇಲೆ ಹಾಕಿದಳು. ಮಧ್ಯಾಹ್ನ ನಾವು ಅನ್ನ, ಬಂಗಡೆ ಸಾರು, ಹರಿವೆ ಪಲ್ಯ ಉಂಡೆವು. ಆ ಊಟ ಇಷ್ಟು ನೆನಪಿನಲ್ಲಿ ಉಳಿಯುತ್ತದೆ ಎಂದು ಉಣ್ಣುವಾಗ ಅನಿಸಿರಲಿಲ್ಲ.

ಮರುದಿನ ಯಂತ್ರ ಬಂತು. ಅಂಗಡಿ ಹೋಯಿತು, ಬಸ್ಸು ನಿಲ್ಲುವ ಜಾಗ ಹೋಯಿತು, ನಮ್ಮ ಹಿತ್ತಲೂ ಹೋಯಿತು, ಮನೆಯ ಸುತ್ತ ಉಳಿದದ್ದು ಬರೀ ಕಲ್ಲುನೆಲ. ಪರಿಹಾರ ಸಿಕ್ಕಿತು, ಇಲ್ಲವೆನ್ನುವುದಿಲ್ಲ. ಹಿತ್ತಲಿನ ಕಪ್ಪು ಮಣ್ಣನ್ನು ಯಂತ್ರ ಬಾಚಿ ಬಾಚಿ ಲಾರಿಗೆ ತುಂಬುವುದನ್ನು ಸುಮಿತ್ರಕ್ಕ ಜಗಲಿಯ ಮೇಲೆ ನಿಂತು ನೋಡಿದಳು. "ನನ್ನ ಅತ್ತೆ ಗೊಬ್ಬರ ಹೊತ್ತು ಮಾಡಿದ ಮಣ್ಣು" ಎಂದಷ್ಟೇ ಹೇಳಿದಳು.

ರಸ್ತೆ ಮುಗಿದ ಮೇಲೆ ನಮ್ಮ ಕೇರಿ ಒಂದು ಬದಿಗೆ, ಉಳಿದದ್ದೆಲ್ಲ ಇನ್ನೊಂದು ಬದಿಗೆ ಆಯಿತು. ನಡುವೆ ಸೊಂಟದೆತ್ತರದ ಡಿವೈಡರ್. ಅದರಲ್ಲಿ ದಾರಿ ಬಿಟ್ಟಿರುವುದು ದೂರದಲ್ಲಿ, ಅಷ್ಟು ದೂರ ನಡೆದು ತಿರುಗಿ ಬರುವುದರೊಳಗೆ ಅರ್ಧ ದಿನ ಹೋಗುತ್ತದೆ. ಬಸ್ಸು ನಮ್ಮಲ್ಲಿ ನಿಲ್ಲುವುದಿಲ್ಲ. ಗಣಪಣ್ಣ ಕುಮಟೆಯ ಮಗಳ ಮನೆಗೆ ಹೋದ. ದೇವಮ್ಮ ಒಂದೆರಡು ಸಲ ಆಚೆ ಬದಿಯಿಂದ ಕೂಗಿದಳು. ಆಮೇಲೆ, "ಈ ಗೋಡೆ ಹತ್ತಿ ಇಳೂಕೆ ನನ್ನ ಮೊಣಕಾಲು ಕೇಳೂದಿಲ್ಲ, ತಂಗೀ" ಎಂದು ಬರುವುದನ್ನೇ ಬಿಟ್ಟಳು.

ಆಚೆ ಬದಿಗೆ ಒಂದು ದೊಡ್ಡ ಅಂಗಡಿ ಬಂದಿದೆ. ಗೋವಾಕ್ಕೆ ಹೋಗುವ ಕಾರುಗಳು ಅಲ್ಲಿ ನಿಲ್ಲುತ್ತವೆ. ನೀರಿನ ಬಾಟಲಿ, ಚಿಪ್ಸು, ಬಿಸ್ಕಿಟು, ತಂಪು ಪಾನೀಯ, ಐಸ್‌ಕ್ರೀಮು ಎಲ್ಲ ಇದೆ. ಅನ್ನಕ್ಕೆ ಕಲಸಿಕೊಳ್ಳುವಂಥದ್ದು ಒಂದೂ ಇಲ್ಲ. ರೇಷನ್ ಅಕ್ಕಿ ತಿಂಗಳಿಗೊಮ್ಮೆ ಹೇಗೋ ತರುತ್ತಿದ್ದೆವು. ಕುಮಟೆಗೆ ರಿಕ್ಷಾ ಮಾಡಿಕೊಂಡು ಹೋದಾಗ ಬಟಾಟೆ, ಈರುಳ್ಳಿ ತರುತ್ತಿದ್ದೆವು, ಕೊಳೆಯದೆ ಉಳಿಯುತ್ತವೆ ಎಂದು. ಉಳಿದ ದಿನ ಅನ್ನ, ಉಪ್ಪಿನಕಾಯಿ, ಒಣಮೀನು ಇದ್ದರೆ ಒಣಮೀನು.

ಸುಮಿತ್ರಕ್ಕನಿಗೆ ಸಕ್ಕರೆ ಕಾಯಿಲೆ ಮೊದಲೇ ಇತ್ತು. ಅದು ಹೆಚ್ಚಾಗಿ, ಕಾಲಿನ ಗಾಯ ಮಾಯದೆ, ಮಳೆ ಶುರುವಾಗುವ ಹೊತ್ತಿಗೆ ನಾನು ಅವಳನ್ನು ಕುಮಟೆಗೆ ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯವರೇ. "ಅನ್ನ ಕಮ್ಮಿ ಮಾಡಿ. ಸೊಪ್ಪು, ತರಕಾರಿ ಜಾಸ್ತಿ ತಿನ್ನಿ. ಹೀಗೇ ಬಿಟ್ರೆ ಕಾಲು ಹೋಗ್ತದೆ" ಅಂದರು.

"ಗುಳಿಗೆ ಬರೆಯೂ ಚೀಟಿಲೇ ಸೊಪ್ಪನ್ನೂ ಬರ್ಕೊಡಿ, ಡಾಕ್ಟ್ರೇ. ಔಷಧಿ ಅಂಗಡೀಲಾದ್ರೂ ಸಿಕ್ತದಾ ನೋಡ್ವಾ. ನಮ್ಮ ಬದಿಗೆ ಎಂತದೂ ಇಲ್ಲ."

ಡಾಕ್ಟರು ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ.

ಬರುವಾಗ ರಿಕ್ಷಾದವನು ನಮ್ಮನ್ನು ಆಚೆ ಬದಿಯಲ್ಲೇ ಇಳಿಸಿದ. ಡಿವೈಡರಿನ ಹತ್ತಿರ ಬಂದಾಗ ಸುಮಿತ್ರಕ್ಕ ಥಟ್ಟನೆ ನಿಂತಳು. ಎರಡು ಗೋಡೆಗಳ ನಡುವೆ ತುಂಬಿಸಿದ್ದ ಮಣ್ಣಿನಲ್ಲಿ, ಹೊಸ ಮಳೆಗೆ ಎದ್ದ ಹುಲ್ಲಿನ ಮಧ್ಯೆ, ಕೆಂಪಗೆ ಸಣ್ಣ ಸಣ್ಣ ಎಲೆಗಳು ಕಾಣುತ್ತಿದ್ದವು. ಅವಳು ಬಗ್ಗಿ ಮಣ್ಣನ್ನು ಬೆರಳಲ್ಲಿ ಹಿಸುಕಿದಳು.

"ಇದು ನಮ್ಮ ಹಿತ್ತಲ ಮಣ್ಣು ಕಣೇ. ಉದುರಿದ ಬೀಜ ಹಂಗೇ ಇತ್ತು ಕಾಣ್ತು. ನಾವು ಊರೆಲ್ಲ ಹುಡುಕೂದು, ಇದು ನಡುರಸ್ತೇಲಿ ಕೂತ್ಕಂಡು ನಮ್ಮನ್ನೇ ನೋಡ್ತಾ ಇದೆ!"

ಅವತ್ತಿನಿಂದ ಅದು ಅವಳ ಹಿತ್ತಲಾಯಿತು. ಹುಲ್ಲು ಕಿತ್ತಳು. ದನದ ಗೊಬ್ಬರವನ್ನು ಚೀಲದಲ್ಲಿ ಒಯ್ದು ಹಾಕಿದಳು. ವಾಹನ ಕಡಿಮೆ ಇರುವ ಬೆಳಗಿನ ಹೊತ್ತು ನಾವಿಬ್ಬರೂ ಹೋಗುತ್ತಿದ್ದೆವು. ನಾನು ಅಂಚಿನಲ್ಲಿ ನಿಂತು ವಾಹನ ನೋಡುವುದು, ಅವಳು ಕೊಯ್ಯುವುದು. "ಈಗ ಬಾ" ಅಂದರೆ ಬರಬೇಕು, "ನಿಲ್ಲು" ಅಂದರೆ ನಿಲ್ಲಬೇಕು. ಮೊದಲ ದಿನ ಸೀರೆ ಎತ್ತಿ ಗೋಡೆ ಹತ್ತುವಾಗ ಕಾರಿನವನೊಬ್ಬ ಹಾರ್ನ್ ಹೊಡೆದ. "ಎಂತಾ ನೋಡ್ತೆ? ನಿನ್ನ ಅವ್ವಿ ಸೊಪ್ಪು ಕೊಯ್ಯೂದಿಲ್ವಾ?" ಎಂದು ಕೂಗಿದಳು. ಅವನಿಗೆಲ್ಲಿ ಕೇಳಬೇಕು, ಆಗಲೇ ದಾಟಿ ಹೋಗಿದ್ದ.

ಕೇರಿಯ ಮನೆಮನೆಗೂ ಸೊಪ್ಪು ಹೋಯಿತು. ವಾಹನದ ಹೊಗೆ ಕುಡಿದ ಸೊಪ್ಪು ಎಂದು ಅವಳ ಗಂಡ, ನನ್ನ ಭಾವ, ಗೊಣಗುತ್ತಿದ್ದರು. ಅವಳು ಮೂರು ನೀರಲ್ಲಿ ತೊಳೆದು, ಪಲ್ಯ ಮಾಡಿ ಅವರ ಎಲೆಗೇ ಮೊದಲು ಬಡಿಸುತ್ತಿದ್ದಳು. ಅವಳ ಕಾಲಿನ ಗಾಯ ಒಣಗತೊಡಗಿತು. ಮಳೆ ನಿಂತ ಮೇಲೂ ನೀರು ಹೊತ್ತು ಇನ್ನೊಂದು ಬೆಳೆ ಎಬ್ಬಿಸಿದಳು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ. ಅವಳು ಕೊಯ್ದು ಮುಗಿಸಿ, ಸೊಪ್ಪನ್ನು ಸೆರಗಿಗೆ ಕಟ್ಟಿಕೊಂಡು ಗೋಡೆಯ ಮೇಲೆ ಕುಳಿತಿದ್ದಳು. ನಾನು ವಾಹನ ಬರುವ ಕಡೆ ನೋಡಿದೆ. ರಸ್ತೆ ಖಾಲಿ ಇತ್ತು. "ಈಗ ಬಾ" ಅಂದೆ. ಅವಳೂ ಅದೇ ಕಡೆ ನೋಡಿ ಇಳಿದಳು.

ಪಿಕಪ್ ಬಂದದ್ದು ಹಿಂದಿನಿಂದ, ಬರಬಾರದ ಕಡೆಯಿಂದ. ದೂರದ ತಿರುವಿನವರೆಗೆ ಹೋಗುವುದು ಯಾಕೆ ಎಂದು ಅದರ ಡ್ರೈವರ್ ಎದುರು ದಿಕ್ಕಿನಲ್ಲೇ ಓಡಿಸಿಕೊಂಡು ಬಂದಿದ್ದ. ನಮ್ಮ ಹಾಗೆ ಅವನಿಗೂ ಆ ತಿರುವು ದೂರವೇ ಆಗಿತ್ತು. ಹಳೆಯ ರಸ್ತೆಯಲ್ಲಿ ನಾವು ಹುಟ್ಟಿದಾಗಿನಿಂದ ಎರಡೂ ಕಡೆ ನೋಡಿ ದಾಟಿದವರು. ಡಿವೈಡರ್ ಬಂದ ಮೇಲೆ ಒಂದೇ ಕಡೆ ನೋಡಲು ಕಲಿತಿದ್ದೆವು.

ಗಾಡಿ ಗುದ್ದಿದ ಪೆಟ್ಟಿಗೆ ಅವಳು ರಸ್ತೆಗೆ ಬಿದ್ದಳು. ಕುಮಟೆಯ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಭಟ್ಕಳದಲ್ಲಿ ದೋಣಿಯ ಕೆಲಸಕ್ಕಿದ್ದ ನನ್ನ ಗಂಡ ಬಂದರು. ಹೊತ್ತು ಮುಳುಗುವ ಮೊದಲು ಎಲ್ಲ ಮುಗಿಸಿದರು. ಸಾವಾದ ಮನೆಯಲ್ಲಿ ಅಂದು ಒಲೆ ಹೊತ್ತಿಸುವುದಿಲ್ಲ. ಸುಟ್ಟು ಬಂದವರು ಮಿಂದ ಮೇಲೆ ನೆರೆಮನೆಯವರು ಗಂಜಿ ತಂದು ಕೊಡುವುದು ನಮ್ಮಲ್ಲಿ ವಾಡಿಕೆ. ಪಕ್ಕದ ಮನೆಯ ಮಾದೇವಿ ಗಂಜಿಯ ಪಾತ್ರೆ ತಂದು ಇಟ್ಟಳು. ಜೊತೆಗೆ ಒಂದು ಸಣ್ಣ ಬಟ್ಟಲು ಮುಚ್ಚಿಕೊಂಡು ಬಂದಿದ್ದಳು. ಅದನ್ನು ಕೆಳಗಿಡದೆ ಕೈಯಲ್ಲೇ ಹಿಡಿದು ನಿಂತಳು.

"ಎಂತದು?" ಎಂದು ನಾನು ಕೇಳಿದೆ.

"ಸಿಟ್ಟಾಗ್ಬೇಡ, ತಂಗೀ. ರಸ್ತೇಲಿ ಬಿದ್ದದ್ದು ಯಾರೋ ಒಟ್ಟು ಮಾಡಿ ನಮ್ಮ ಜಗಲೀಲಿ ಇಟ್ಟಿದ್ರು. ಬರೀ ಗಂಜಿ ಹೆಂಗೆ ಕೊಡೂದು ಅಂತ ಮನೆಯೆಲ್ಲ ಹುಡುಕ್ದೆ. ನಮ್ಮನೇಲಿ ಬೇರೆ ಎಂತದೂ ಇರ್ಲಿಲ್ಲ."

ಬಟ್ಟಲಿನಲ್ಲಿ ಹರಿವೆ ಪಲ್ಯ ಇತ್ತು.

ನೆಂಟರಲ್ಲಿ ಒಬ್ಬರು, "ಇದೆಂತಾ ಬುದ್ಧಿ! ಇದ್ನ ತಿಂಬೂಕಾಗ್ತದಾ? ಹೊರಗೆ ಚೆಲ್ಲು" ಎಂದು ಗದರಿದರು. ಮಾದೇವಿ ಅಳತೊಡಗಿದಳು. ಭಾವ ಅಷ್ಟು ಹೊತ್ತೂ ಗೋಡೆಗೆ ಒರಗಿ ಕುಳಿತಿದ್ದರು. ಕೈ ಚಾಚಿ ಬಟ್ಟಲು ತೆಗೆದುಕೊಂಡರು.

"ಚೆಲ್ಲೂದು ಬೇಡ. ಅವಳು ಕೊಯ್ದದ್ದು" ಅಂದರು.

ಗಂಜಿಗೆ ಹಾಕಿಕೊಂಡರು. ಗಂಜಿ ಕೆಂಪಗಾಯಿತು. ತಲೆ ಎತ್ತದೆ ಉಂಡರು. ನನಗೂ ಸ್ವಲ್ಪ ಇಟ್ಟು ಬಟ್ಟಲನ್ನು ನನ್ನ ಕಡೆ ದೂಡಿದರು. ನಾನೂ ಉಂಡೆ. ಮಾದೇವಿ ಗಡಿಬಿಡಿಯಲ್ಲಿ ಉಪ್ಪು ಹಾಕುವುದನ್ನು ಮರೆತಿದ್ದಳು. ಇಬ್ಬರೂ ಬಟ್ಟಲು ಖಾಲಿ ಮಾಡಿದೆವು.

ರಸ್ತೆ ದಾಟುತ್ತಿದ್ದ ಮಹಿಳೆ ಸಾವು ಎಂದು ಪೇಪರಿನಲ್ಲಿ ಬಂತು. ಮಾತಾಡಿಸಲು ಬಂದವರೂ, ನೋಡಿಕೊಂಡು ದಾಟಬೇಕಿತ್ತು ಎಂದರು. ಅವಳು ರಸ್ತೆ ದಾಟುತ್ತಿರಲಿಲ್ಲ. ಹಿತ್ತಲಿನಿಂದ ಮನೆಗೆ ಬರುತ್ತಿದ್ದಳು.

ಹದಿಮೂರನೆಯ ದಿನದ ಕೆಲಸ ಮುಗಿಯುವುದರೊಳಗೆ ಕೂಲಿಯವರು ಬಂದು ಡಿವೈಡರಿನ ಹರಿವೆಯನ್ನೆಲ್ಲ ಬೇರು ಸಮೇತ ಕಿತ್ತು, ಕಣಗಿಲೆ ಗಿಡ ನೆಟ್ಟರು. ಅವಕ್ಕೆ ನೀರು ಹಾಕಲು ಟ್ಯಾಂಕರು ಬರುತ್ತದೆ. ಈಗ ಸಾಲಾಗಿ ಹೂ ಬಿಟ್ಟಿವೆ. ಕಾರಿನವರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅದರ ಎಲೆಯನ್ನು ದನವೂ ಮುಟ್ಟುವುದಿಲ್ಲ.

ಮೊನ್ನೆ ಭಾವನಿಗೂ ಸಕ್ಕರೆ ಇದೆ ಎಂದು ಗೊತ್ತಾಯಿತು. ಅದೇ ಡಾಕ್ಟರು. ನನ್ನ ಗುರುತು ಅವರಿಗೆ ಇರಲಿಲ್ಲ. "ಅನ್ನ ಕಮ್ಮಿ ಮಾಡಿ. ಸೊಪ್ಪು, ತರಕಾರಿ ಜಾಸ್ತಿ ಕೊಡಿ" ಅಂದರು. ಸುಮಿತ್ರಕ್ಕ ಇದ್ದಿದ್ದರೆ ಏನಾದರೂ ಒಂದು ಹೇಳುತ್ತಿದ್ದಳು. ನನಗೆ ಅವಳ ಬಾಯಿ ಇಲ್ಲ. "ಆತು" ಅಂದೆ.

ಚೀಟಿ ಹಿಡಿದು ಇಬ್ಬರೂ ಮನೆಗೆ ಬಂದೆವು. ಆಚೆ ಬದಿಯಲ್ಲಿ ಇಳಿದು, ಎರಡೂ ಕಡೆ ನೋಡಿ ದಾಟಿದೆವು. ನಮ್ಮ ಬದಿಗೆ ಇವತ್ತಿಗೂ ಒಂದು ಕಟ್ಟು ಸೊಪ್ಪು ಸಿಕ್ಕುವ ಜಾಗ ಇಲ್ಲ.